ದೇಸಿ ಗಿಡಗಳ ಸಂಘ ಬೀಜದಿಂದ ಶುರುವಾಗಲಿ

ನಮಸ್ಕಾರ. ದೇಸಿ ಗಿಡಗಳನ್ನು ಉಳಿಸಬೇಕು ಅಂತ ಹತ್ತು ಜನ ಸೇರಿ ಸಂಘ ಕಟ್ಟಿದ ಕೂಡಲೇ ಸಸಿ ನೆಡೋಕೆ ಒಂದು ದಿನ ಗೊತ್ತಾಗುತ್ತೆ. ಸಸಿ ಎಲ್ಲಿಯದು, ಯಾವ ತಾಯಿಮರದ್ದು ಅಂತ ಯಾರೂ ಕೇಳಲ್ಲ. ನೆಟ್ಟ ಲೆಕ್ಕ ವರದಿಗೆ ಹೋಗುತ್ತೆ, ಬೇಸಿಗೆ ದಾಟಿ ಬದುಕಿದ ಲೆಕ್ಕ ಎಲ್ಲೂ ಬರಲ್ಲ. ಈ ಕ್ರಮವೇ ತಪ್ಪು ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. ಮೊದಲ ವರ್ಷ ಪೂರ್ತಿ ಬೀಜಕ್ಕೆ ಇಡಿ. ನೆಡೋದು ಎರಡನೇ ವರ್ಷಕ್ಕಿರಲಿ.

ಯಾಕಂದ್ರೆ ಮಾರಾಟಕ್ಕೆ ಸಿಗೋ ಎಷ್ಟೋ ಸಸಿಗಳು ಒಂದೇ ಗಿಡದ ಕಡ್ಡಿಯಿಂದ ಮಾಡಿದ್ದು. ಹೆಸರಿಗೆ ದೇಸಿ, ಆದ್ರೆ ಅಷ್ಟಕ್ಕೂ ಗುಣ ಒಂದೇ. ಒಂದಕ್ಕೆ ರೋಗ ಬಂದ್ರೆ ಎಲ್ಲವೂ ಹೋಗಬಹುದು. ಒತ್ತೊತ್ತಾಗಿ ಎಸಳು ತುಂಬಿದ ಅಲಂಕಾರಿಕ ತಳಿಗಳದ್ದು ಇನ್ನೊಂದು ತೊಂದರೆ: ಕೇಸರಗಳೇ ಎಸಳಾಗಿಬಿಟ್ಟಿರ್ತವೆ, ಜೇನಿಗೆ ಪರಾಗ ಸಿಗಲ್ಲ.

ಅಮೆರಿಕದ ಮೊನಾರ್ಕ್ ಚಿಟ್ಟೆಯ ವಿಷಯ ನೋಡಿ. ಅದರ ಮರಿಹುಳು ತಿನ್ನೋದು ಮಿಲ್ಕ್‌ವೀಡ್ ಅನ್ನೋ ಗಿಡದ ಎಲೆಯನ್ನು ಮಾತ್ರ. ಚಿಟ್ಟೆ ಉಳಿಸಬೇಕು ಅಂತ ಜನ ನೆಟ್ಟಿದ್ದು ಸುಲಭವಾಗಿ ಸಿಗೋ ಉಷ್ಣವಲಯದ ಮಿಲ್ಕ್‌ವೀಡ್. ಅಲ್ಲಿನ ದೇಸಿ ಜಾತಿಗಳು ಚಳಿಗಾಲಕ್ಕೆ ಒಣಗಿ ನೆಲ ಸೇರ್ತವೆ. ಇದು ದಕ್ಷಿಣದ ಬೆಚ್ಚಗಿನ ರಾಜ್ಯಗಳಲ್ಲಿ ವರ್ಷವಿಡೀ ಹಸಿರಾಗಿರುತ್ತೆ. ಹಾಗಾಗಿ ಚಿಟ್ಟೆಗೆ ಅಂಟೋ ಒಂದು ಪರಾವಲಂಬಿಯ ಕಣಗಳು ಅದೇ ಎಲೆಗಳ ಮೇಲೆ ಕೂಡಿಕೊಳ್ತಾ ಹೋಗಿ ಮರಿಹುಳುಗಳ ಹೊಟ್ಟೆ ಸೇರ್ತವೆ. ಒಳ್ಳೆ ಮನಸ್ಸಿನಿಂದ ನೆಟ್ಟ ಗಿಡವೇ ರೋಗದ ಮನೆಯಾಯ್ತು.

ಈಗ ಬೀಜಕ್ಕೆ ಬರೋಣ. ಕೀಳೋಕೆ ಮುಂಚೆ ಹತ್ತು ಬೀಜ ಕತ್ತರಿಸಿ ನೋಡಿ. ಒಳಗೆ ಗಟ್ಟಿಯಾಗಿ ತುಂಬಿದ್ರೆ ಸರಿ. ಜೊಳ್ಳು, ಹುಳು, ಹಾಲು ಹಾಲಾದ ತಿರುಳು ಕಂಡ್ರೆ ವಾಪಸ್ ಬನ್ನಿ. ಆ ದಿನ ಮಾಗಿರೋ ಬೀಜದಲ್ಲಿ ಶೇ. 20ಕ್ಕಿಂತ ಹೆಚ್ಚು ತೆಗೀಬೇಡಿ. ಕಾಡುಗಿಡಗಳ ಬೀಜ ಕೂಡಿಡೋ ಬ್ರಿಟನ್ನಿನ ಮಿಲೇನಿಯಂ ಸೀಡ್ ಬ್ಯಾಂಕ್ ಹೇಳೋ ಮಿತಿಯೂ ಇದೇ. ಒಂದೇ ಮರ ಬೋಳಿಸೋ ಬದಲು ಸಾಧ್ಯವಾದ್ರೆ 50 ತಾಯಿಗಿಡಗಳಿಂದ ಸ್ವಲ್ಪ ಸ್ವಲ್ಪ ತನ್ನಿ. ಚೀಲದ ಮೇಲೆ ಜಾತಿ, ಜಾಗ, ತಾರೀಖು, ಎಷ್ಟು ಗಿಡದಿಂದ ಅನ್ನೋದು ಅಲ್ಲೇ ನಿಂತು ಬರೀರಿ. ಕಾಡಿನಿಂದ ಗಿಡವನ್ನೇ ಬೇರು ಸಮೇತ ಕಿತ್ತು ತರೋದು ಸಂರಕ್ಷಣೆ ಅಲ್ಲವೇ ಅಲ್ಲ.

ಹೆಚ್ಚಿನ ಬೀಜ ಹಾಳಾಗೋದು ಮನೆಗೆ ಬಂದ ಮೇಲೆ. ನೇರಳೆ, ಹಲಸಿನಂಥ ಬೀಜ ಒಣಗಿದ್ರೆ ಸತ್ತುಹೋಗುತ್ತೆ. ತಿರುಳು ತೊಳೆದು ಅದೇ ವಾರ ಬಿತ್ತಬೇಕು. ಕಕ್ಕೆಯಂಥ ಗಟ್ಟಿ ಬೀಜಕ್ಕೆ ಇದರ ತದ್ವಿರುದ್ಧ, ಒಣಗಿದಷ್ಟೂ ಬಾಳಿಕೆ. ಇಂಥ ಬೀಜದ ತೇವಾಂಶ ಶೇ. 1ರಷ್ಟು ಇಳಿದ್ರೆ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿ, ಇಟ್ಟ ಜಾಗದ ಶಾಖ 5 ಡಿಗ್ರಿ ಇಳಿದ್ರೆ ಮತ್ತೆ ಇಮ್ಮಡಿ. ಆದ್ರಿಂದ ನೆರಳಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಹಸಿ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ರೆ ಬೂಷ್ಟು ಗ್ಯಾರಂಟಿ.

ಕಕ್ಕೆ ಬೀಜ ಬಿತ್ತೋಕೆ ಮುಂಚೆ ಅದರ ಕಣ್ಣಿಗೆ (ಕಾಯಿಯೊಳಗೆ ಬೀಜ ಅಂಟಿಕೊಂಡಿದ್ದ ಗುರುತಿಗೆ) ಎದುರಾದ ಬದಿಯನ್ನು, ಒಳಗಿನ ತಿಳಿಬಣ್ಣ ಚೂರು ಇಣುಕೋವರೆಗೂ ಮರಳು ಕಾಗದದಲ್ಲಿ ಉಜ್ಜಿ. ಕಣ್ಣಿನ ಬದಿ ಉಜ್ಜಿದ್ರೆ ಮೊಳಕೆಗೇ ಏಟು. ರಾತ್ರಿಯಿಡೀ ನೆನೆಸಿ, ಉಬ್ಬಿದ್ದನ್ನು ಬಿತ್ತಿ, ಉಬ್ಬದೇ ಇರೋದನ್ನು ಮತ್ತೆ ಉಜ್ಜಿ. ಆಳ ಬೀಜದ ದಪ್ಪದ ಒಂದರಿಂದ ಎರಡು ಪಟ್ಟು ಸಾಕು. ಹುಟ್ಟಿದ ಸಸಿ ಮಣ್ಣಿನ ಮಟ್ಟದಲ್ಲಿ ಸಣ್ಣಗಾಗಿ, ದಾರದಂತಾಗಿ ಮಗುಚಿ ಬಿದ್ರೆ ಅದು ಸಸಿ ಕೊಳೆ ರೋಗ. ಒತ್ತಾಗಿ ಬಿತ್ತಿ ಸಂಜೆ ನೀರು ಹಾಕಿದ ಕಡೆ ಬೇಗ ಹಬ್ಬುತ್ತೆ. ನೀರು ಬೆಳಿಗ್ಗೆ ಹಾಕಿ, ಸಸಿಗಳ ನಡುವೆ ಗಾಳಿಯಾಡಲಿ.

ಚೀಲದಲ್ಲಿ ಹೆಚ್ಚು ಕಾಲ ಇಟ್ಟ ಸಸಿಯನ್ನು ಹೊರಗೆಳೆದು ನೋಡಿ: ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತಿರುತ್ತೆ. ಹಾಗೇ ನೆಟ್ರೆ ಬೇರು ಆಳಕ್ಕಿಳಿಯಲ್ಲ, ದೊಡ್ಡದಾದ ಮೇಲೆ ಗಾಳಿಗೆ ಉರುಳಬಹುದು. ಸುತ್ತಿದ ಭಾಗವನ್ನು ಚೂಪು ಕತ್ತರಿಯಿಂದ ತೆಗೀರಿ. ದೊಡ್ಡ ಸಸಿಯೇ ಒಳ್ಳೇದು ಅನ್ನೋ ನಂಬಿಕೆ ಬಿಡಿ. ನೆಡುವಾಗ ಕಾಂಡ ಮತ್ತು ಬೇರು ಕೂಡೋ ಜಾಗ ನೆಲದ ಮಟ್ಟಕ್ಕಿರಲಿ. ಒಣ ಎಲೆಯ ಹೊದಿಕೆ 5ರಿಂದ 10 ಸೆಂಟಿಮೀಟರ್, ಕಾಂಡದಿಂದ ಒಂದು ಗೇಣು ದೂರ.

ನೆಡೋ ಜಾಗದ ಕಳೆಯ ವಿಷಯದಲ್ಲಿ 1960ರ ದಶಕದಲ್ಲಿ ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಸಹೋದರಿಯರು ರೂಪಿಸಿದ ಕ್ರಮವೇ ನನಗೆ ಸರಿ ಅನ್ಸುತ್ತೆ. ದೇಸಿ ಗಿಡ ಚೆನ್ನಾಗಿರೋ ಕಡೆಯಿಂದ ಕಳೆ ಕೀಳುತ್ತಾ ಕೆಟ್ಟ ಜಾಗದತ್ತ ಹೋಗಬೇಕು, ಮಣ್ಣನ್ನು ಆದಷ್ಟೂ ಕೆದಕಬಾರದು, ದೇಸಿ ಗಿಡ ಹಬ್ಬೋ ವೇಗಕ್ಕಿಂತ ಮುಂದೆ ಓಡಬಾರದು. ಇಡೀ ಜಾಗ ಒಂದೇ ದಿನ ಬೋಳು ಮಾಡಿದ್ರೆ, ಮಣ್ಣಲ್ಲಿ ಮಲಗಿದ್ದ ಕಳೆ ಬೀಜ ಬೆಳಕು ಕಂಡು ಮೊದಲಿಗಿಂತ ದಟ್ಟವಾಗಿ ಏಳುತ್ತೆ. ನಿಧಾನವಾಗಿ ಕಳೆ ತೆಗೆದ ಕಡೆ ದೇಸಿ ಸಸಿ ತಾನಾಗೇ ಹುಟ್ಟಿಕೊಂಡಿದ್ರೆ ಅಲ್ಲಿ ಗುಂಡಿ ತೋಡೋಕೆ ಹೋಗಬೇಡಿ. ಪಕ್ಕದಲ್ಲಿ ಒಂದು ಗೂಟ ಹೊಡೆದು ಗುರುತಿಟ್ಟು, ಸುತ್ತಲಿನ ಕಳೆ ಮಾತ್ರ ಕೀಳಿ. ನೀವು ಬೆಳೆಸಿದ ಸಸಿ ಖಾಲಿ ಉಳಿದ ಜಾಗಕ್ಕೆ ಹೋಗಲಿ.