ಓದೋ ಮಕ್ಕಳಿಗೂ ಬಿಎಚ್ ನಂಬರ್ ಕೊಡಿ ಮಾರಾಯ್ರೆ

ನಮಸ್ಕಾರ ಸ್ನೇಹಿತರೇ. ಇವತ್ತು ಅಡಿಕೆ ರೇಟಿನ ಬಗ್ಗೆ ಮಾತಾಡಬೇಕಿತ್ತು. ಆಡುವುದಿಲ್ಲ. ರಾಜ್ಯ ಬದಲಾದರೂ ಬದಲಾಗದ ಬಿಎಚ್ ನಂಬರನ್ನು ಓದಲು ಬಂದ ಮಕ್ಕಳ ಗಾಡಿಗೂ ಕೊಡಿ ಅಂತ ಕೇಳುವುದಿದೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದ್ದಾನೆ: "ಶಿವಮೊಗ್ಗದ ತುಂಬ ಕೆಎಲ್ (ಕೇರಳ) ನಂಬರಿನ ಸ್ಕೂಟರ್. ಎಲ್ಲ ಟ್ಯಾಕ್ಸ್ ಕಳ್ಳರು. ಹಿಡಿದು ಸೀಜ್ ಮಾಡಿ." ಅದಕ್ಕೆ ಲೈಕ್ ಬೇರೆ! ನನ್ನ ವಿಡಿಯೋಗಿಂತ ಜಾಸ್ತಿ. ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ.

ಕಳ್ಳರಂತೆ. ಕಣ್ಣೂರಿಂದ ನರ್ಸಿಂಗ್ ಓದಲು ಬಂದ ಹುಡುಗಿ ಮನೆಯಲ್ಲಿದ್ದ ಸ್ಕೂಟರ್ ತಂದಿದ್ದಾಳೆ ಅಂತಿಟ್ಟುಕೊಳ್ಳಿ. ಅದರ 15 ವರ್ಷದ ಟ್ಯಾಕ್ಸನ್ನು ಅವಳಪ್ಪ ಊರಲ್ಲಿ ಒಟ್ಟಿಗೇ ಕಟ್ಟಿದ್ದಾರೆ. ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ನಡೆಯುತ್ತದೆ. ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿ ನಿಂತರೆ ಮಾತ್ರ ಅಲ್ಲಿನ ನಂಬರ್ ತಗೋಬೇಕು. 1988ರ ಮೋಟಾರು ವಾಹನ ಕಾಯ್ದೆ, 47ನೇ ಸೆಕ್ಷನ್. ನಮ್ಮ ಸರ್ಕಾರ 2014ರಲ್ಲಿ 30 ದಿನ ದಾಟಿದರೇ ಇಲ್ಲಿ ಟ್ಯಾಕ್ಸ್ ಕಟ್ಟಿ ಎಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಓದಿಕೊಂಡು ಬಂದು ಬಯ್ಯಿರಿ.

"ಸರಿ, ವರ್ಷ ದಾಟಿದ ಮೇಲೆ?" ಅಂತೀರಿ. ಅಲ್ಲೇ ಇರುವುದು ಮಜಾ. ಕೋರ್ಸು ನಾಲ್ಕು ವರ್ಷ, ಕಾನೂನು ಕೊಡುವುದು ಒಂದು ವರ್ಷ. ಆಮೇಲೆ ಊರಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತರಬೇಕು. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನವರೂ ಒಪ್ಪಬೇಕು. ಇಲ್ಲಿ ಶಿವಮೊಗ್ಗದ ಕೆಎ-14 ನಂಬರಿಗೆ ಅರ್ಜಿ ಹಾಕಬೇಕು, ಮತ್ತೆ ಟ್ಯಾಕ್ಸ್ ಕಟ್ಟಬೇಕು. ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸ್ ಕೊಡಿ ಅಂತ ಅಲ್ಲಿಗೇ ಇನ್ನೊಂದು ಅರ್ಜಿ. ಇಷ್ಟರ ಮೇಲೆ ಆರ್‌ಸಿ ಇರುವುದು ಅಪ್ಪನ ಹೆಸರಲ್ಲಿ! ಕಣ್ಣೂರಲ್ಲಿ ಅಂಗಡಿ ನಡೆಸುವ ಮನುಷ್ಯ ಶಿವಮೊಗ್ಗದ ವಿನೋಬನಗರದ ವಿಳಾಸ ಎಲ್ಲಿಂದ ತರಬೇಕು ಹೇಳಿ? ಮಗಳ ಪಿಜಿಯಲ್ಲಿ ಅವರಿಗೂ ಒಂದು ಮಂಚ ಹಾಕಿಸೋಣವಾ?

ಡಿಎಲ್‌ಗೆ ಈ ಕಷ್ಟ ಇಲ್ಲ ನೋಡಿ. ಕೇರಳದಲ್ಲಿ ಮಾಡಿಸಿದ ಲೈಸೆನ್ಸ್ ಇಟ್ಟುಕೊಂಡು ಆಗುಂಬೆ ಘಾಟಿಯಲ್ಲೂ ಓಡಿಸಬಹುದು, ಅಸ್ಸಾಮಲ್ಲೂ ಓಡಿಸಬಹುದು. ಹದಿನೆಂಟು ತುಂಬಿರಬೇಕು, ಅಷ್ಟೇ. ಹದಿನಾರಕ್ಕೇ ಸಿಗುವುದು 50 ಸಿಸಿ ದಾಟದ ಗಾಡಿಗೆ. ಅಂಥ ಪೆಟ್ರೋಲ್ ಸ್ಕೂಟರ್ ಈಗ ಯಾವ ಶೋರೂಮಲ್ಲಿದೆ ನನಗಂತೂ ಕಂಡಿಲ್ಲ. ಕಲಿಯುವವರ ಲೈಸೆನ್ಸ್ (ಎಲ್ಎಲ್) ಆರು ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಟೆಸ್ಟ್. ಓಡಿಸುವ ಮನುಷ್ಯನಿಗೆ ಇಡೀ ದೇಶ ತೆರೆದಿದೆ, ತಗಡಿನ ಪ್ಲೇಟಿಗೆ ಮಾತ್ರ ಗಡಿ.

ಇದಕ್ಕೆ ಮದ್ದು ಆಗಲೇ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಬಿಎಚ್ (ಭಾರತ್) ಸರಣಿಯ ನಂಬರ್ ತಂದಿತು. ರಾಜ್ಯ ಬದಲಾದರೂ ನಂಬರ್ ಬದಲಾಗುವುದಿಲ್ಲ. ಯಾರಿಗೆ? ಸೈನ್ಯದವರಿಗೆ, ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಜಾಸ್ತಿ ರಾಜ್ಯದಲ್ಲಿ ಆಫೀಸ್ ಇರುವ ಕಂಪನಿ ಕೆಲಸದವರಿಗೆ. ಅವರಿಗೆ ವರ್ಗಾವಣೆ ಆಗುತ್ತದಲ್ಲ, ಅದಕ್ಕೆ. ಸರಿ, ಒಪ್ಪಿದೆ. ಹಾಗಾದರೆ ಓದಲು ಬಂದವರಿಗೆ? ನಾಲ್ಕು ವರ್ಷ ಆದ ಮೇಲೆ ಊರಿಗೆ ಹೋಗುತ್ತಾರೆ ಅಂತ ಕಾಲೇಜೇ ಸೀಲ್ ಹೊಡೆದು ಬರೆದುಕೊಡುತ್ತದೆ. ಇದಕ್ಕಿಂತ ಖಾತ್ರಿಯಾದ ವರ್ಗಾವಣೆ ಯಾವುದಿದೆ? ಕೊಡಿ ಬಿಎಚ್.

ಬಿಎಚ್‌ನಲ್ಲಿ ಟ್ಯಾಕ್ಸ್ ಎರಡೆರಡು ವರ್ಷಕ್ಕೆ ಕಟ್ಟುವುದು. ನಾಲ್ಕು ವರ್ಷದ ಕೋರ್ಸಿಗೆ ಎರಡು ಕಂತು. ಅಳತೆ ಕೊಟ್ಟು ಹೊಲಿಸಿದ ಹಾಗಿದೆ! 2022ರ ಕೊನೆಯಲ್ಲಿ ಹಳೇ ಗಾಡಿಯನ್ನೂ ಬಿಎಚ್‌ಗೆ ಬದಲಿಸಲು ದಾರಿ ಮಾಡಿದರು. ಎಲ್ಲ ಇದೆ. ಅರ್ಹರ ಪಟ್ಟಿಯಲ್ಲಿ "ವಿದ್ಯಾರ್ಥಿ" ಅಂತ ಒಂದು ಪದ ಇಲ್ಲ. ನಮ್ಮ ಮಕ್ಕಳು ಶಿವಮೊಗ್ಗದ ಬಿ.ಎಚ್. ರೋಡಲ್ಲಿ ದಿನಾ ಓಡಾಡಬಹುದು, ಬಿಎಚ್ ಪ್ಲೇಟ್ ಹಾಕಿಕೊಳ್ಳುವ ಹಾಗಿಲ್ಲ. ಈ ಜೋಕ್ ನನ್ನದೇ, ಕದಿಯಬೇಡಿ.

ಒಂದು ನಿಮಿಷ ಬ್ರೇಕ್. ನಮ್ಮಕ್ಕ ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾಳೆ, ಲಿಂಕ್ ಕೆಳಗಿದೆ. ಬಾಟಲಿ ಖಾಲಿ ಆದ ಮೇಲೆ ದುಡ್ಡು ವಾಪಸ್ ಕೇಳಬೇಡಿ.

ಹಾಂ. "ದುರುಪಯೋಗ ಆಗುತ್ತದೆ ಸಾರ್." ಏನು ಆಗುತ್ತದೆ? ಒಂದು ಸ್ಕೂಟರ್ ನಂಬರಿಗೋಸ್ಕರ ಯಾರಾದರೂ ನಾಲ್ಕು ವರ್ಷ ಕಾಲೇಜ್ ಫೀಸ್ ಕಟ್ಟಿ, ಇಂಟರ್ನಲ್ಸ್ ಬರೆದು, ಮೆಸ್ಸಿನ ಸಾಂಬಾರು ತಿನ್ನುತ್ತಾರಾ? ತಿಂದರೆ ಅವರಿಗೆ ಎರಡು ಪ್ಲೇಟ್ ಕೊಡಿ.

"ಬಸ್ಸಲ್ಲಿ ಹೋಗಲಿ." ಹೋಗಲಿ! ನೀವು ಕೊನೆಗೆ ಬಸ್ ಹತ್ತಿದ್ದು ಯಾವಾಗ? ಜುಲೈ ತಿಂಗಳ ಮಳೆಯಲ್ಲಿ, ಕತ್ತಲಾದ ಮೇಲೆ, ಶಂಕರಘಟ್ಟದ ಸ್ಟಾಪಲ್ಲೋ ಇರುವಕ್ಕಿ ಕಡೆಯಲ್ಲೋ ನಿಂತು ನೋಡಿ. ಹೊರರಾಜ್ಯದ ಮಕ್ಕಳು ಅಲ್ಲಿನ ಯೂನಿವರ್ಸಿಟಿಗಳಲ್ಲೂ ಓದುತ್ತಾರೆ. ಕೊಡೆ ಮುರಿದಿರುತ್ತದೆ, ಫೋನ್ ಸತ್ತಿರುತ್ತದೆ, ಆಮೇಲೆ ನನಗೆ ಕಾಮೆಂಟ್ ಹಾಕಿ.

"ರಾಜ್ಯಕ್ಕೆ ನಷ್ಟ." ಎಂಥ ನಷ್ಟ? ಎರಡು ವರ್ಷಕ್ಕೊಮ್ಮೆ ದುಡ್ಡು ಬರುತ್ತದಲ್ಲ. ರೂಮ್ ಬಾಡಿಗೆ, ಮೆಸ್ ಬಿಲ್, ದುರ್ಗಿಗುಡಿಯಲ್ಲಿ ಬಟ್ಟೆ, ಗೋಪಿ ಸರ್ಕಲ್ಲಲ್ಲಿ ಚರುಮುರಿ, ಎಲ್ಲ ಯಾರ ಜೇಬಿಗೆ? ಕೊಡಿ ಬಿಎಚ್!

ಹೆಲ್ಮೆಟ್ ಇಲ್ಲದವರಿಗೆ ದಂಡ ಹಾಕಿ, ನಾನು ಬೇಡ ಅನ್ನುವುದಿಲ್ಲ. ಇನ್ಶೂರೆನ್ಸ್ ಇಲ್ಲದವರಿಗೂ ಹಾಕಿ. ಆದರೆ ಕೆಎಲ್ ಕಂಡ ಕೂಡಲೇ ಕಳ್ಳ ಅನ್ನುವುದು ಯಾವ ನ್ಯಾಯ? ನಿಮ್ಮ ಮಗ ಕೊಚ್ಚಿಯಲ್ಲಿ ಕೆಎ-14 ಬೈಕ್ ಓಡಿಸುತ್ತಿಲ್ವಾ? ಅವನೂ ಕಳ್ಳನಾ? ಹೇಳಿ! ಕೊಡಿ ಬಿಎಚ್, ಇಲ್ಲ ಅಂದರೆ ನಾನು ಪ್ರತಿ ವಾರ ಇದನ್ನೇ ಮಾತಾಡುತ್ತೇನೆ, ನಿಮಗೆ ತಲೆನೋವು ಬರುವವರೆಗೆ.

ಆ ಕಾಮೆಂಟ್ ಹಾಕಿದ ಪುಣ್ಯಾತ್ಮ ಕೇಳುತ್ತಿದ್ದರೆ, ಸಬ್‌ಸ್ಕ್ರೈಬ್ ಆಗು ಮಾರಾಯಾ. ಬಯ್ಯುವವರು ಫ್ರೀಯಾಗಿ ನೋಡಬಾರದು. ಅಡಿಕೆ ರೇಟ್ ಮುಂದಿನ ವಾರ. ಬಹುಶಃ.