ಸೂರಿನ ಲೋಟ

ನಮಸ್ಕಾರ. ಈ ಮಳೇಲೂ ಇಷ್ಟು ಜನ ಬಂದಿದೀರಿ, ತೀರ್ಥಹಳ್ಳಿ ಹೊಸನಗರ ಕಡೆಯಿಂದ ಬಂದವ್ರೂ ಇದೀರಿ, ಲಾಸ್ಟ್ ಬಸ್ಸಿನ ಚಿಂತೆ ನಂಗೂ ಇದೆ. ಬೇಗ ಮುಗಿಸ್ತೀನಿ ಅಂತ ಹೇಳಲ್ಲ, ಹೇಳಿದ್ರೂ ನೀವು ನಂಬಲ್ಲ.

ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ ನಿಮ್ಗೆಲ್ಲ ಗೊತ್ತು. 1960ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ. 1930ರ ದಶಕದ ಅಮೆರಿಕದ ಅಲಬಾಮಾ, ಕಥೆ ಹೇಳೋಳು ಸ್ಕೌಟ್ ಅನ್ನೋ ಬಿಳಿ ಹುಡುಗಿ, ಶುರುವಲ್ಲಿ ಅವಳಿಗೆ ಆರು ವರ್ಷನೂ ತುಂಬಿಲ್ಲ. ಎಲ್ರೂ ಮಗುವಿನ ಮುಗ್ಧ ಕಣ್ಣು ಅಂತಾರಲ್ಲ, ಆ ಮುಗ್ಧ ಅನ್ನೋ ಪದದ ಮೇಲೇ ನನ್ನ ಜಗಳ. ಮಗು ಕಂಡಿದ್ದನ್ನೇ ಹೇಳತ್ತೆ ನಿಜ, ಆದ್ರೆ ಎಲ್ಲಿ ಕೂತ್ಕೊಂಡು ಕಂಡಿದ್ದು?

ನಮ್ಮನೇದೇ ಹೇಳ್ತೀನಿ. ಅಡಿಕೆ ಸುಲಿಯೋ ಸೀಸನ್ನು, ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ. ಅಮ್ಮನ ಜೊತೆ ಒಬ್ಬ ಹುಡುಗ ಬರ್ತಿದ್ದ, ನಂಗಿಂತ ಎರಡ್ಮೂರು ವರ್ಷ ದೊಡ್ಡವ, ಕೈ ಎಷ್ಟು ಸ್ಪೀಡು ಅಂದ್ರೆ ಸಿಪ್ಪೆ ಬೀಳೋದೇ ಕಾಣ್ತಿರ್ಲಿಲ್ಲ. ಕಾಫಿ ಹೊತ್ತಿಗೆ ಅವ್ನು ಕೊಟ್ಟಿಗೆ ಸೂರಿಗೆ ಸಿಕ್ಕಿಸಿದ್ದ ಲೋಟ ತಗೊಂಡು, ತೊಳೆದು, ಹಿಡೀತಿದ್ದ, ಅಜ್ಜಿ ಮೇಲಿಂದ ಹೊಯ್ತಿದ್ರು, ಕುಡಿದಾದ್ಮೇಲೆ ತಾನೇ ತೊಳೆದು ಮತ್ತೆ ಅಲ್ಲೇ ಇಡೋನು. ನಂಗೆ ಅದನ್ನ ನೋಡಿ ಏನನ್ನಿಸ್ತು ಗೊತ್ತಾ? ಹೊಟ್ಟೆಕಿಚ್ಚು! ನಮ್ಮನೇಲಿ ಹತ್ತು ಜನ, ಯಾರ ಲೋಟ ಯಾರಿಗೋ, ಅವ್ನಿಗೆ ಮಾತ್ರ ಸ್ವಂತ ಲೋಟ, ಸ್ವಂತ ಜಾಗ. ನಂಗೂ ಸೂರಲ್ಲಿ ಒಂದು ಲೋಟ ಬೇಕು ಅಂತ ಹಟ ಹಿಡಿದೆ. ಅಜ್ಜಿ ಬೈದ್ರು, ಅಂಗಳದಲ್ಲಿದ್ದವ್ರೆಲ್ಲ ನಕ್ರು. ಅವ್ನು ನಗಲಿಲ್ಲ, ಅಡಿಕೆ ಸುಲೀತಾನೇ ಇದ್ದ.

ಅದು ಮುಗ್ಧತೆನಾ ಹೇಳಿ. ಜಗಲಿ ಮೇಲೆ ಕೂತ ಮಗುಗೆ ಮಾತ್ರ ಹಂಗನ್ಸತ್ತೆ ಮಾರಾಯ್ರೆ. (ಈಗೆಲ್ಲ ಪೇಪರ್ ಕಪ್ಪು, ಆ ಸಮಸ್ಯೆನೇ ಇಲ್ಲ ಅಂತಾರೆ ಕೆಲವ್ರು. ಇರ್ಲಿ.)

ಕಾದಂಬರಿಯ ಕೋರ್ಟಿನ ಸೀನಿಗೆ ಬನ್ನಿ, ಬಿಳಿ ಹುಡುಗಿಗೆ ಹೊಡೆದು ಅತ್ಯಾಚಾರ ಮಾಡ್ದ ಅಂತ ಕರಿಯ ಟಾಮ್ ರಾಬಿನ್ಸನ್ ಮೇಲೆ ಹಾಕಿದ ಕೇಸು. ಕೆಳಗೆ ಜಾಗ ಇಲ್ಲ ಅಂತ ಸ್ಕೌಟು, ಜೊತೆಗಿದ್ದ ಮಕ್ಳು ಕರಿಯರ ಬಾಲ್ಕನಿಗೆ ಹೋಗ್ತಾರೆ. ಅಲ್ಲಿ ನಾಲ್ಕು ಜನ ಎದ್ದು ಮುಂದಿನ ಸಾಲು ಬಿಟ್ಕೊಡ್ತಾರೆ. ಮಕ್ಳು ಅಂತ ಎದ್ರೋ, ಬಿಳಿಯರು ಅಂತ ಎದ್ರೋ? ಸ್ಕೌಟ್ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗ್ತಾಳೆ, ಕೇಳೋದೇ ಇಲ್ಲ. ನಾನೂ ಮೊದಲ ಸಲ ಓದ್ದಾಗ ಅವಳ ಜೊತೆ ಆರಾಮಾಗಿ ಕೂತ್ಬಿಟ್ಟೆ, ಎದ್ದವ್ರು ಎಲ್ಲಿಗೆ ಹೋದ್ರು ಅಂತ ತಿರುಗಿ ನೋಡ್ಲಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಟಾಮ್ ರಾಬಿನ್ಸನ್‌ನ ಎಡಗೈ, ಹತ್ತಿ ಬೀಜ ಬಿಡಿಸೋ ಜಿನ್ ಮಷೀನಿಗೆ ಸಿಕ್ಕಿ ಊನ ಆಗಿದ್ದು, ಆ ಕೈಯಲ್ಲಿ ಹೊಡೆಯೋಕೇ ಆಗಲ್ಲ ಅಂತ ಕಣ್ಣೆದುರಿಗೆ ಕಂಡ್ರೂ ಜ್ಯೂರಿ ತಪ್ಪಿತಸ್ಥ ಅಂದಿದ್ದು, ಅದ್ರ ಬಗ್ಗೆ ನಾಲ್ಕು ಪುಟ ಬರ್ಕೊಂಡಿದ್ದೆ, ಬಿಡಿ. ನಮ್ಮ ಗೇಣಿ ರೈತರು ಭೂಮಾಲೀಕರ ವಿರುದ್ಧ ಮಾಡಿದ ಕಾಗೋಡು ಸತ್ಯಾಗ್ರಹ, 1951, ಅದೂ ಬಿಡಿ, ಅದನ್ನ ನಂಗಿಂತ ಚೆನ್ನಾಗಿ ಹೇಳೋ ಹಿರಿಯರು ಮುಂದಿನ ಸಾಲಲ್ಲೇ ಇದಾರೆ.

ಕಲ್ಪೂರ್ನಿಯಾ ಒಬ್ಬಳನ್ನ ಬಿಡೋಕಾಗಲ್ಲ. ಸ್ಕೌಟ್ ಮನೆಯ ಅಡುಗೆಮನೆ ನೋಡ್ಕೊಳ್ಳೋ ಕರಿಯ ಹೆಂಗಸು, ಮಕ್ಳನ್ನ ತಾಯಿ ಥರ ಬೆಳೆಸಿದೋಳು. ತನ್ನ ಚರ್ಚಿಗೆ ಅವ್ರನ್ನ ಕರ್ಕೊಂಡು ಹೋದ ದಿನ ಸ್ಕೌಟ್ ಕೇಳ್ತಾಳೆ, ನಿಮ್ಮನೆಗೆ ಬರ್ಲಾ ಅಂತ. ಬಾ ಅಂತಾಳೆ ಅವ್ಳು. ಆಮೇಲೆ ಅತ್ತೆ ಬೇಡ ಅಂತಾರೆ, ಅಲ್ಲಿಗೆ ಮುಗೀತು, ಇಡೀ ಕಾದಂಬರೀಲಿ ಸ್ಕೌಟ್ ಆ ಮನೆಗೆ ಹೋಗೋದೇ ಇಲ್ಲ.

ಆ ಲೋಟದ ಹುಡುಗನ ಮನೆ ನಮ್ಮ ತೋಟದ ಆಚೆ, ಸಂಕ ದಾಟಿದ್ರೆ ಹತ್ತು ಹೆಜ್ಜೆ. ನಂಗೆ ಯಾವ ಅತ್ತೆನೂ ಬೇಡ ಅಂದಿರ್ಲಿಲ್ಲ. ಬರ್ಲಾ ಅಂತ ನಾನು ಕೇಳೇ ಇಲ್ಲ.

ಆಯ್ತು ಸರ್, ಮೈಕ್ ಕೊಟ್ಟೆ.