ಮೀನಿನ ತಲೆ, ಕರುಳು ಎಲ್ಲಿ ಸಿಗುತ್ತೆ? ಗಿಡಕ್ಕೆ ಬೇಕಿತ್ತು!

[ದೃಶ್ಯ: ಮುಂದೆ ಮುಚ್ಚಿದ ಬಕೆಟ್, ಹಿಂದೆ ಮಲ್ಲಿಗೆ ಗಿಡ]

ನಮಸ್ಕಾರ. ಈ ಬಕೆಟ್‌ನ ಮುಚ್ಚಳ ನಾನು ತೆಗೆಯುವುದಿಲ್ಲ. ನಿಮ್ಮಲ್ಲಿ ಕೆಲವರು ಊಟ ಮಾಡುತ್ತಾ ನೋಡುತ್ತೀರಿ, ನನಗೆ ಗೊತ್ತು.

ಮೀನು ಒಳ್ಳೆಯ ಗೊಬ್ಬರ. ಮೀನಿನ ಗೊಬ್ಬರದಲ್ಲಿ ಶೇಕಡ 4ರಿಂದ 10ರಷ್ಟು ಸಾರಜನಕ, ಜೊತೆಗೆ ರಂಜಕ. ಕರಾವಳಿಯಲ್ಲಿ ಬೂತಾಯಿ ಮೀನು ರಾಶಿ ಬಿದ್ದಾಗ ತೆಂಗಿನ ಬುಡಕ್ಕೇ ಹಾಕುತ್ತಿದ್ದರು. ಇಷ್ಟು ಸಾಕು. ನೀವು ಕೇಳಿದ್ದು ಬೇರೆ: ತರುವುದು ಎಲ್ಲಿಂದ?

ನಾನು ಮೊದಲು ಹೋಗಿದ್ದು ಮಂಗಳೂರಿನ ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ. ಅಷ್ಟು ಮೀನು ಬರುವ ಜಾಗ, ಒಂದೆರಡು ಕೆಜಿ ಸುಮ್ನೆ ಕೊಡಲ್ವಾ ಅಂದುಕೊಂಡಿದ್ದೆ. ಕೊಡಲಿಲ್ಲ. ಅಲ್ಲಿ ಕಸಕ್ಕೂ ರೇಟಿದೆ! ಅಡುಗೆಗೆ ಆಗದ ಚಿಕ್ಕ ಮೀನು, ನಜ್ಜುಗುಜ್ಜಾದ ಮೀನು ಲಾರಿ ಹತ್ತಿ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿ ಪುಡಿಯಾಗಿ ಸಿಗಡಿ, ಕೋಳಿಗಳ ಆಹಾರವಾಗುತ್ತದೆ. ಎರಡು ಕೆಜಿ ಕೇಳಿದವನನ್ನು ನೋಡಿ ಅವರು ನಕ್ಕಿದ್ದು ತಪ್ಪಲ್ಲ.

ಕೊನೆಗೆ ಸಿಕ್ಕಿದ್ದು ನಮ್ಮ ಬೀದಿಯ ಮೀನಂಗಡಿಯಲ್ಲಿ. ಮೀನು ಕತ್ತರಿಸಿ ಕೊಡುವ ಅಕ್ಕನಿಗೆ ತಲೆ, ಕರುಳು, ಕಿವಿರು ಎಲ್ಲಿ ಹಾಕುವುದು ಎನ್ನುವುದೇ ದಿನದ ತಲೆನೋವು. ಆದರೆ ಕವರ್ ಹಿಡಿದು ಹೋಗಿ ನಿಲ್ಲಬೇಡಿ. ಭಾನುವಾರ ಬೆಳಿಗ್ಗೆ ಮುಚ್ಚಳವಿರುವ ಬಕೆಟ್ ಕೊಟ್ಟು ಬನ್ನಿ, ಅಂಗಡಿ ಮುಚ್ಚುವ ಮೊದಲು ಹೋಗಿ ಎತ್ತಿಕೊಳ್ಳಿ. ನಾನು ಒಂದು ವಾರ ಮರೆತೆ. "ನಿಮ್ಮ ಬಕೆಟನ್ನು ನಾನೇನು ಮನೆಗೆ ಹೊತ್ತುಕೊಂಡು ಹೋಗ್ಬೇಕಾ ಮಾರಾಯ್ರೇ?" ಅಂದರು ಅಕ್ಕ. ಆಮೇಲೆ ಮರೆತಿಲ್ಲ.

ಬೆಂಗಳೂರಿನವರೇ, ನಿಮಗೆ ಕಟ್ಲಾ, ರೋಹುವಿನಂಥ ಕೆರೆ ಮೀನು ಕತ್ತರಿಸುವ ಅಂಗಡಿ ಇದ್ದೇ ಇದೆ. ನಿಮ್ಮ ಬಕೆಟ್ ನನ್ನದರಷ್ಟು ನಾರುವುದಿಲ್ಲ. ಯಾಕೆ? ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ತಡೆದುಕೊಳ್ಳಿ.

ಉಪ್ಪು ನೀರು ಮೀನಿನ ಮೈಯ ನೀರನ್ನು ಹೊರಗೆ ಎಳೆಯುತ್ತದೆ. ಅದನ್ನು ತಡೆಯಲು ಕಡಲ ಮೀನು ಮಾಂಸದಲ್ಲಿ ವಾಸನೆಯೇ ಇಲ್ಲದ ಒಂದು ವಸ್ತುವನ್ನು ತುಂಬಿಕೊಂಡಿರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮೀಥೈಲಮೀನ್ ಆಗಿ ಬದಲಿಸುತ್ತವೆ. ನಾವು ಮೂಗು ಮುಚ್ಚುವುದು ಅದಕ್ಕೇ. ಕೆರೆಯ ಮೀನಿಗೆ ಆ ಉಪ್ಪಿನ ಕಾಟ ಇಲ್ಲ, ಹಾಗಾಗಿ ಆ ನಾತವೂ ಕಡಿಮೆ. ಕೆಲವು ಸಲ ಅದಕ್ಕೆ ಮಣ್ಣಿನ ವಾಸನೆ ಇರುತ್ತಲ್ಲ, ಅದು ಜಿಯೋಸ್ಮಿನ್. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳದಲ್ಲೂ ಇರುವುದು ಅದೇ! ಮಳೆಯಲ್ಲಿ ಬಂದರೆ ಕವಿತೆ, ಮೀನಿನಲ್ಲಿ ಬಂದರೆ ದೂರು.

ಇನ್ನೊಂದು. ಹುಳಿ ಬಿದ್ದರೆ ಟ್ರೈಮೀಥೈಲಮೀನ್ ಗಾಳಿಗೆ ಏಳದೆ ಅಲ್ಲೇ ಕಟ್ಟಿಬೀಳುತ್ತದೆ. ಮೀನು ಸಾರಿಗೆ ಹುಣಸೆಹುಳಿ ಹಾಕಿದಾಗ ಆಗುವುದು ಅದೇ. ನನ್ನ ಬಕೆಟ್‌ನಲ್ಲಿ ಆ ಕೆಲಸ ಬೆಲ್ಲದ್ದು. ಮೀನಿನ ತೂಕದಷ್ಟೇ ಬೆಲ್ಲ ಬೆರೆಸಿ ಇಟ್ಟರೆ ಬ್ಯಾಕ್ಟೀರಿಯಾ ಬೆಲ್ಲವನ್ನು ತಿಂದು ಹುಳಿ ಮಾಡುತ್ತವೆ. ಮೂರ್ನಾಲ್ಕು ವಾರದಲ್ಲಿ ವಾಸನೆ ಎಷ್ಟೋ ಇಳಿಯುತ್ತದೆ. ಬೆಲ್ಲದಲ್ಲಿ ಜಿಪುಣತನ ಮಾಡಿದಿರೋ, ಪಕ್ಕದ ಮನೆಯವರೇ ಬಂದು ಹೇಳುತ್ತಾರೆ.

[ಎಡಿಟರ್ ಕೈಸನ್ನೆ]

ಟೈಮ್ ಆಯ್ತಂತೆ. ಉಳಿದದ್ದು ಓಡುತ್ತಾ ಹೇಳುತ್ತೇನೆ. ಮುಚ್ಚಳ ಬಿಗಿಯಬೇಡಿ, ಒಳಗಿನ ಗ್ಯಾಸ್ ಹೊರಗೆ ಹೋಗಬೇಕು. ಬಕೆಟ್‌ನಿಂದ ಸೋಸಿದ ರಸ ಲೀಟರ್ ನೀರಿಗೆ 3ರಿಂದ 5 ಮಿಲಿ ಸಾಕು. ಒಣಮೀನಿನ ಚೂರು ಬೇಡ, ಅದರ ಉಪ್ಪು ಗಿಡವನ್ನು ಸುಡುತ್ತದೆ. ಹಸಿಯಾಗಿ ಹೂಳುವುದಾದರೆ ಬೇರಿನಿಂದ ದೂರ, ಒಂದೂವರೆ ಅಡಿ ಆಳ, ಮೇಲೊಂದು ಕಲ್ಲು. ನಾಯಿಗೆ ನಿಮ್ಮ ಗುಲಾಬಿಯ ಮೇಲೆ ಕರುಣೆ ಇಲ್ಲ.

ಕರಾವಳಿಯವರೇ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಗಿಡ ನೆಡುವ ಹೊತ್ತಿಗೆ ಮೀನಂಗಡಿಯಲ್ಲಿ ಮೀನೇ ಕಡಿಮೆ, ಇನ್ನು ಕರುಳು ಎಲ್ಲಿಂದ? ಮೇ ತಿಂಗಳಲ್ಲೇ ಬಕೆಟ್ ತುಂಬಿಸಿಕೊಳ್ಳಿ. ನನ್ನದು ತುಂಬಿದೆ. ಬೆಕ್ಕು ಆಗಲೇ ಮುಚ್ಚಳದ ಮೇಲೆ ಕೂತಿದೆ.